ಹೆಸರಿನ ಕಾಲಂ

ಆ ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ನಂಜುಂಡಸ್ವಾಮಿಗೆ ಒಂದು ವಿಷಯ ಖಚಿತವಾಗಿತ್ತು. ಆಸ್ಟಿನ್ನಿಗೆ ಹೋಗಿ, ಪೆಗ್ ಡೆವ್ಲಿನ್ ಎಂಬ ಎಪ್ಪತ್ತೊಂಬತ್ತು ವರ್ಷದ ಹೆಂಗಸಿನ ಎದುರು ಕೂತು, ತಪ್ಪಾಯಿತು ಎಂದು ಒಪ್ಪಿಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ಇಷ್ಟು ವರ್ಷದ ಅನುಭವ ಇದ್ದವನು ಇಂಥ ತಪ್ಪು ಹೇಗೆ ಮಾಡಿದೆ ಎಂದು ಅವಳು ಕೇಳಿದರೆ ಮಾತ್ರ ಹೇಳಲು ತನ್ನ ಹತ್ತಿರ ಉತ್ತರವಿಲ್ಲ. ಇಲ್ಲ ಎನ್ನುವುದೂ ಸುಳ್ಳು. ಉತ್ತರವಿತ್ತು, ಅದನ್ನು ಮೂರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡ. ನಲವತ್ತನಾಲ್ಕಕ್ಕೆ ತುಸು ಹೆಚ್ಚೇ ವಯಸ್ಸಾದ ಮುಖ. ಡ್ಯಾಲಸ್ ಪಕ್ಕದ ಇರ್ವಿಂಗ್‌ನ ಈ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಎರಡು ವರ್ಷದಿಂದ ಆ ಮುಖಕ್ಕೆ ಅವನೊಬ್ಬನೇ ಪ್ರೇಕ್ಷಕ. ಹೆಂಡತಿ ಕೋಕಿಲಾ ಹ್ಯೂಸ್ಟನ್ನಿನ ಪೇರ್ಲ್ಯಾಂಡಿನಲ್ಲಿ, ಅವರಿಬ್ಬರೂ ಸೇರಿ ಹಿಡಿದ ಮನೆಯಲ್ಲೇ ಇದ್ದಳು. ಬೇರೆಯಾಗಿದ್ದೇವೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಅಲ್ಲಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ, ಇವನು ಡ್ಯಾಲಸ್ ಕಡೆಗೆ ಶಿಫ್ಟ್ ಆದ, ಅಷ್ಟೇ ಎಂದು ಕೇಳಿದವರಿಗೆ ಹೇಳುತ್ತಿದ್ದರು.

ಅವನ ಕೆಲಸ ಸತ್ತವರನ್ನು ಹುಡುಕುವುದು. ಲೈಬ್ರರಿ ಸೈನ್ಸ್ ಓದಲು ಟೆಕ್ಸಸ್‌ಗೆ ಬಂದವನಿಗೆ ಓದು ಮುಗಿದ ಮೇಲೆ ಸಿಕ್ಕಿದ್ದು ಆಸ್ಟಿನ್ನಿನ ಸಣ್ಣದೊಂದು ಸಂಸ್ಥೆಯ ನೌಕರಿ, ಈಗ ಅದನ್ನು ಮನೆಯಿಂದಲೇ ಮಾಡುತ್ತಿದ್ದ. ಐರ್ಲೆಂಡಿನಿಂದ ಹಡಗು ಹತ್ತಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹಿರಿಯರು ಯಾವ ಊರಿನವರು, ಯಾರ ಮಕ್ಕಳು ಎಂದು ತಿಳಿಯಲು ಅಲ್ಲಿಗೆ ಬರುತ್ತಿದ್ದರು. ಹುಡುಕಬೇಕಾದ ಜಾಗಗಳು ಎರಡು. ಒಂದು ಸರ್ಕಾರದ ರಿಜಿಸ್ಟರು, ಸಾವಿರದ ಎಂಟುನೂರ ಅರವತ್ತನಾಲ್ಕರಲ್ಲಿ ಶುರುವಾದದ್ದು. ಅಲ್ಲಿ ಗೆರೆ ಎಳೆದ ಕಾಲಂಗಳು: ಹುಟ್ಟಿದ ದಿನ, ಹೆಸರು, ಗಂಡೋ ಹೆಣ್ಣೋ, ಅಪ್ಪ, ಅಮ್ಮ, ಅಪ್ಪನ ಕಸುಬು, ಬಂದು ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟಿನ ಬದಲಿಗೆ ಒಂದು ಕತ್ತರಿ ಗುರುತು. ಇನ್ನೊಂದು ಚರ್ಚಿನ ಪುಸ್ತಕ, ಊರಿನ ಪಾದ್ರಿ ಲ್ಯಾಟಿನ್ನಿನಲ್ಲಿ ತನಗೆ ತೋಚಿದಂತೆ ಗೀಚಿದ್ದು. ಎರಡೂ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಕೆಟ್ಟ ಅಕ್ಷರ ಓದುವುದರಲ್ಲಿ ನಂಜುಂಡಸ್ವಾಮಿಯನ್ನು ಮೀರಿಸುವವರು ಆ ಆಫೀಸಿನಲ್ಲಿ ಇರಲಿಲ್ಲ. ಪಾದ್ರಿ ಕೂಸುಗಳ ತಲೆಗೆ ನೀರು ಹಾಕಿ ಹೆಸರಿಟ್ಟ ಮೂರು ತಿಂಗಳ ದೀಕ್ಷಾಸ್ನಾನಗಳನ್ನು ಒಂದೇ ಸಂಜೆ ಕೂತು ಬರೆದಿದ್ದಾನೆ ಎಂದು ಮಸಿಯ ಬಣ್ಣ ನೋಡಿಯೇ ಹೇಳುತ್ತಿದ್ದ. ಊರಲ್ಲಿ ಹೆಳವರು ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಏಳು ತಲೆಯ ಹೆಸರು ಹೇಳಿ ಕಾಳು ಈಸಿಕೊಂಡು ಹೋಗುತ್ತಿದ್ದರಲ್ಲ, ನಾನು ಲ್ಯಾಪ್‌ಟಾಪಿನ ಹೆಳವ ಎಂದು ಕೋಕಿಲಾಗೆ ಹೇಳಿ ನಗಿಸಿದ್ದ, ಇಬ್ಬರೂ ನಗುತ್ತಿದ್ದ ಕಾಲದಲ್ಲಿ.

ಹಾಗೆ ನೋಡಿದರೆ ಅವನಿಗೇ ಇಲ್ಲಿ ಮೊದಲ ಹೆಸರಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ನಂಜುಂಡಸ್ವಾಮಿ ಎಂದಿದ್ದದ್ದನ್ನು ಇಲ್ಲಿಯವರು ಮನೆತನದ ಹೆಸರೆಂದು ತಿಳಿದು, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚು ಹಾಕಿದರು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಲೈಸೆನ್ಸಿನ ಕೌಂಟರಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ‘ಫ್ನೂ’ ಎಂದು ಯಾರಾದರೂ ಕೂಗಿದರೆ ತಲೆ ತಗ್ಗಿಸಿ ಎದ್ದು ಹೋಗುವುದು ರೂಢಿಯಾಗಿತ್ತು. ಸರಿಪಡಿಸಿಕೊಳ್ಳಬಹುದಿತ್ತು, ಒಂದು ಅರ್ಜಿ ಕೊಟ್ಟರೆ ಆಗುತ್ತಿತ್ತು. ಮುಂದೆ ನೋಡೋಣ ಎಂದು ಹದಿನಾಲ್ಕು ವರ್ಷ ಕಳೆದಿದ್ದ. ಮುಂದೆ ನೋಡೋಣ ಎನ್ನುವುದು ಅವನ ಸ್ವಭಾವವೇ ಆಗಿತ್ತು, ಅದನ್ನು ಅವನು ತಾಳ್ಮೆ ಎಂದು ತಿಳಿದಿದ್ದ.

ಪೆಗ್‌ಳ ಮುತ್ತಜ್ಜಿ ಕ್ಯಾಥರೀನ್, ಐರ್ಲೆಂಡಿನ ಮೇಯೋ ಎಂಬ ಸೀಮೆಯಿಂದ ಬಂದವಳು. ಅವಳ ಒಡಹುಟ್ಟಿದವರು ಎಷ್ಟು ಜನ, ಅವರ ಹೆಸರೇನು ಎಂಬುದಷ್ಟೇ ಪೆಗ್‌ಗೆ ಬೇಕಾಗಿದ್ದದ್ದು. ನವೆಂಬರಿನಲ್ಲಿ ಅವಳ ಚರ್ಚಿನಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಪಟ್ಟಿ ಈ ಭಾನುವಾರದೊಳಗೆ ಕೊಡಬೇಕು. ಎಂಟು ಮಕ್ಕಳು ಸುಲಭವಾಗಿ ಸಿಕ್ಕರು. ಒಂಬತ್ತನೆಯದು ಸಾವಿನ ರಿಜಿಸ್ಟರಿನಲ್ಲಿ ಸಿಕ್ಕಿತು: ಕೂಲಿಯವನ ಮಗಳು, ವಯಸ್ಸು ನಾಲ್ಕು ದಿನ. ಹಿಂದೆ ಹೋಗಿ ಜನನದ ರಿಜಿಸ್ಟರು ನೋಡಿದರೆ ಸಾವಿರದ ಎಂಟುನೂರ ಎಪ್ಪತ್ತೊಂದರ ಫೆಬ್ರವರಿಯಲ್ಲಿ ಅದೇ ಅಪ್ಪ, ಅದೇ ಅಮ್ಮ, ಹೆಣ್ಣು. ಹೆಸರಿನ ಕಾಲಂ ಖಾಲಿ. ಆ ಖಾಲಿ ಚೌಕವನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಮಾಡಬೇಕಾದ ಕೆಲಸ ಈ ಕಸುಬಿಗೆ ಬಂದು ಒಂದು ವಾರವಾದವರಿಗೂ ಗೊತ್ತಿರುತ್ತದೆ: ಸರ್ಕಾರದ ಪುಸ್ತಕದಲ್ಲಿ ಇಲ್ಲದಿದ್ದರೆ ಚರ್ಚಿನ ಪುಸ್ತಕ ತೆಗೆ. ಅವನು ತೆಗೆಯಲಿಲ್ಲ. ನಾಲ್ಕು ದಿನದ ಕೂಸಿಗೆ ಹೆಸರೆಲ್ಲಿಂದ ಬರಬೇಕು? ಹನ್ನೊಂದನೇ ದಿನದವರೆಗೆ ಅದು ಕೂಸು, ಪಾಪು, ಅಷ್ಟೇ. ಹಾಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಹುಟ್ಟಿನಿಂದಲೇ ಗೊತ್ತಿತ್ತು. ‘ಹೆಸರಿಡುವ ಮೊದಲೇ ತೀರಿಕೊಂಡ ಹೆಣ್ಣುಕೂಸು’ ಎಂದು ವರದಿಯಲ್ಲಿ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಕಾಲಿಗೆ ಚಪ್ಪಲಿಯೂ ಇಲ್ಲದೆ ಪಾರ್ಕಿಂಗ್ ಜಾಗದಲ್ಲಿ ಹೋಗಿ ನಿಂತುಕೊಂಡಿದ್ದ.

ವರದಿ ಓದಿ ಪೆಗ್ ಆಫೀಸಿಗೆ ಫೋನ್ ಮಾಡಿದಳು. ಐರ್ಲೆಂಡಿನ ಯಾವ ತಾಯಿಯೂ ಕೂಸನ್ನು ನಾಲ್ಕು ದಿನ ಹೆಸರಿಲ್ಲದೆ ಬಿಡುವುದಿಲ್ಲ, ನಿಮ್ಮ ಹುಡುಗ ಚರ್ಚಿನ ಪುಸ್ತಕ ನೋಡಿಯೇ ಇಲ್ಲ ಎಂದಳಂತೆ. ವೀಡಿಯೊ ಕಾಲಿನಲ್ಲಿ ಮೇಲಧಿಕಾರಿ ಇದನ್ನು ಬಹಳ ಮರ್ಯಾದೆಯಿಂದ ಹೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರಿಗೂ ಆಗುತ್ತದೆ, ನಿನಗೆ ಆಯಿತಲ್ಲ ಎನ್ನುವುದೇ ಆಶ್ಚರ್ಯ, ಒಂದು ಸಲ ಖುದ್ದು ಹೋಗಿ ಕೊಟ್ಟು ಬಾ ಎಂದ. ಆ ಸಂಜೆಯೇ ನಂಜುಂಡಸ್ವಾಮಿ ಚರ್ಚಿನ ಪುಸ್ತಕ ತೆಗೆದ. ಪುಟದ ಒಂದು ಮೂಲೆ ತೇವದಲ್ಲಿ ಕೊಳೆತಿತ್ತು, ಆದರೆ ಸಾಲು ಉಳಿದಿತ್ತು. ಹುಡುಕಲು ಆರು ನಿಮಿಷವೂ ಹಿಡಿಯಲಿಲ್ಲ.

ಡ್ಯಾಲಸ್ಸಿನಿಂದ ಆಸ್ಟಿನ್ನಿಗೆ ಮೂರು ಗಂಟೆಯ ದಾರಿ, ಲಾರಿಗಳ ನಡುವೆ ನಾಲ್ಕೂ ಆಗುತ್ತದೆ. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಪೆಗ್‌ಳ ಕವರು, ಅದರ ಕೆಳಗೆ ಬ್ಯಾಗಿನಲ್ಲಿ ಇನ್ನೊಂದು ಕಾಗದ, ಟೆಕ್ಸಸ್ ಸರ್ಕಾರದ್ದು. ಜನನದ ದಾಖಲೆಯಲ್ಲಿ ಹೆಸರು ಸೇರಿಸಲು ತಂದೆತಾಯಿ ಇಬ್ಬರೂ ಸಹಿ ಹಾಕಿ ಕೊಡಬೇಕಾದ ಅರ್ಜಿ. ಒಂದು ವರ್ಷದಿಂದ ಅದು ಬ್ಯಾಗಿನಲ್ಲಿತ್ತು. ಅಂಚು ಸವೆದಾಗ ಹೊಸದಾಗಿ ಪ್ರಿಂಟ್ ತೆಗೆದಿದ್ದ. ತನ್ನ ಸಹಿ ಹಾಕಿಯೂ ಇಟ್ಟಿದ್ದ. ಬೇಕಾಗಿದ್ದದ್ದು ಕೋಕಿಲಾಳ ಸಹಿ, ಮತ್ತು ಹೆಸರು. ಹೆಸರು ಕೋಕಿಲಾಳ ಹತ್ತಿರ ಇತ್ತು. ಅವಳು ಅದನ್ನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಮೂರು ವರ್ಷದ ಹಿಂದೆ, ಮಗಳು ಹುಟ್ಟಿ ಮೂರನೇ ದಿನ, ನೀಲಿ ಕೋಟಿನ ಹೆಂಗಸೊಬ್ಬಳು ಜನನ ದಾಖಲೆಯ ಕ್ಲಿಪ್‌ಬೋರ್ಡು ಹಿಡಿದು ಆಸ್ಪತ್ರೆಯ ವಾರ್ಡಿಗೆ ಬಂದಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತ ಕೋಕಿಲಾ, ನಾನೊಂದು ಹೆಸರು ಅಂದ್ಕೊಂಡಿದೀನಿ ರೀ, ಬರೆದುಬಿಡೋಣ, ಎಂದಳು. ಮೊದಲ ಹೆರಿಗೆಯಾದವಳ ಧ್ವನಿಯಲ್ಲಿ ಇರಬೇಕಾದ ಸಂಭ್ರಮ ಅದರಲ್ಲಿ ಇರಲಿಲ್ಲ, ಅದನ್ನೂ ಅವನು ಆಮೇಲೆ ಯೋಚಿಸಿದ. ಆವತ್ತು ಅವನು ಹೇಳಿದ್ದು: ಅಮ್ಮ ನಕ್ಷತ್ರ ನೋಡಿಸಿ ಹೇಳ್ತಾರೆ, ಹನ್ನೊಂದನೇ ದಿನ ತಟ್ಟೆಲಿ ಅಕ್ಕಿ ಹರಡಿ ಬರೆಯೋಣ, ಈಗಲೇ ಏನವಸರ. ನೀಲಿ ಕೋಟಿನವಳ ಕಡೆ ತಿರುಗಿ, ನಮ್ಮಲ್ಲಿ ಒಂದು ಶಾಸ್ತ್ರವಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಇಂಡಿಯಾದವರು ಹೀಗೇ ಎಂದು ಅವಳಿಗೂ ಗೊತ್ತಿತ್ತು, ನಗುತ್ತ ‘ಇನ್‌ಫೆಂಟ್ ಗರ್ಲ್’ ಎಂದು ಬರೆದುಕೊಂಡು ಹೋದಳು.

ಅಮ್ಮನಿಗೆ ಅವನು ಫೋನೇ ಮಾಡಿರಲಿಲ್ಲ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಹೊನ್ನಮ್ಮನವರಿಗೆ ಮೊಮ್ಮಗಳು ಹುಟ್ಟಿದ್ದೇ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಏಳಕ್ಕೆ ಕಾಫಿ ತರಲು ಇಳಿದವನನ್ನು ಡಾಕ್ಟರು ಲಿಫ್ಟಿನ ಹತ್ತಿರ ನಿಲ್ಲಿಸಿ, ಕೂಸಿನ ಹೃದಯ ಕೂಡಿಕೊಂಡಿಲ್ಲ, ಮಾಡುವುದು ಏನೂ ಉಳಿದಿಲ್ಲ, ಕೆಲವು ದಿನ ಎಂದಿದ್ದರು. ಅವನು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಎರಡು ಕಾಫಿ ತಂದಿದ್ದ. ಆ ಕ್ಷಣದಿಂದ ನೀಲಿ ಕೋಟಿನವಳು ಬರುವ ತನಕ ಅವನ ತಲೆಯಲ್ಲಿ ಇದ್ದದ್ದು ಒಂದೇ: ಹೆಸರಿಟ್ಟರೆ ಅದು ಯಾರೋ ಆಗಿಬಿಡುತ್ತದೆ. ಈ ಮಾತು ಮನಸ್ಸಿನಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿತ್ತೆಂದು ಒಪ್ಪಿಕೊಳ್ಳಲು ಅವನಿಗೆ ಎರಡು ವರ್ಷ ಬೇಕಾಯಿತು. ಹೆಸರಿಲ್ಲದಿದ್ದರೆ ಕಳೆದುಕೊಂಡದ್ದು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದ. ನಾಚಿಕೆಗೆಟ್ಟ ಲೆಕ್ಕ. ಒಂಬತ್ತನೇ ದಿನ ಮಧ್ಯಾಹ್ನ ಮಗು ಹೋಯಿತು. ಆಮೇಲೆ ಅಮ್ಮನಿಗೆ ಫೋನ್ ಮಾಡಿದಾಗ ಎಲ್ಲವನ್ನೂ ಒಟ್ಟಿಗೆ ಹೇಳಿದ, ಹುಟ್ಟಿದ್ದು, ಹೋದದ್ದು. ಹೊನ್ನಮ್ಮ ಅತ್ತರು. ಅತ್ತು, ಮೂಗು ಒರೆಸಿಕೊಂಡು, ಹೆಸರು ಗಿಸರು ಇಟ್ಟಿರಲಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದ. ಒಳ್ಳೇದಾಯ್ತು ಬಿಡಪ್ಪ, ಹಚ್ಚಿಕೊಳ್ಳಬೇಡಿ ಎಂದರು. ಅವರು ಕೆಟ್ಟವರಲ್ಲ, ಅವರ ಕಾಲದ ಹೆಂಗಸರಿಗೆ ಗೊತ್ತಿದ್ದ ಸಮಾಧಾನ ಅದೊಂದೇ. ಫೋನು ಸ್ಪೀಕರಿನಲ್ಲಿತ್ತು. ಬಾಗಿಲಲ್ಲಿ ಕೋಕಿಲಾ ನಿಂತಿದ್ದಳು.

ಅಲ್ಲಿಂದಾಚೆಗೆ ಅವನು ಆ ಹೆಸರನ್ನು ಹುಡುಕತೊಡಗಿದ. ಕಸುಬೇ ಅದಲ್ಲವೆ. ಅವಳ ಹಳೆಯ ಪುಸ್ತಕಗಳ ಅಂಚು ತಿರುವಿ ನೋಡಿದ, ಬಸಿರಿನ ತಿಂಗಳುಗಳಲ್ಲಿ ಅವಳು ಗೆಳತಿಯರಿಗೆ ಕಳಿಸಿದ್ದ ಕಾರ್ಡುಗಳ ಫೋಟೋ ದೊಡ್ಡದು ಮಾಡಿ ನೋಡಿದ. ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದ ಅಂಗಳದಲ್ಲಿ ಒಂದು ಸಲ ಯಾರೋ ತಾಯಿ ‘ಸಂಹಿತಾ’ ಎಂದು ಮಗಳನ್ನು ಕೂಗಿದಾಗ ಕೋಕಿಲಾ ಥಟ್ಟನೆ ತಿರುಗಿದಳು. ಆರು ತಿಂಗಳು ಅವನಿಗೆ ಮಗಳು ಸಂಹಿತಾ ಆಗಿದ್ದಳು. ಕಾರಿನಲ್ಲಿ ಒಬ್ಬನೇ ಇರುವಾಗ ಆ ಹೆಸರು ಕರೆದು, ಹೋಂವರ್ಕ್ ಆಯ್ತಾ ಎಂದು ಕೇಳುವಷ್ಟು ದೂರ ಹೋಗಿದ್ದ. ಆಮೇಲೆ ಇನ್ನೊಂದು ದಿನ ಕ್ಯಾರಲ್ಟನ್ನಿನ ಅಂಗಡಿಯೊಂದರಲ್ಲಿ, ಅವಳು ಡ್ಯಾಲಸ್‌ಗೆ ಬಂದಿದ್ದಾಗ, ಯಾರೋ ‘ಮಧುರಾ’ ಎಂದು ಕರೆದರೂ ಅವಳು ಹಾಗೇ ತಿರುಗಿದಳು. ಯಾವ ಮಗುವನ್ನು ಕರೆದರೂ ಅವಳು ತಿರುಗುತ್ತಾಳೆ ಎಂದು ಅರಿವಾದಾಗ ಕೊತ್ತಂಬರಿ ಕಟ್ಟನ್ನು ಬುಟ್ಟಿಯಲ್ಲಿಟ್ಟು ಹೊರಗೆ ಬಂದುಬಿಟ್ಟಿದ್ದ. ಈ ಸಲದ ಪಿತೃಪಕ್ಷದಲ್ಲಿ ಅಪ್ಪನಿಗೆ ಎಳ್ಳುನೀರು ಬಿಡಲು ಕೂತಾಗ, ಒಂದು ಕೂಸೂ ಇದೆ ಎಂದು ಪುರೋಹಿತರಿಗೆ ಮೆಲ್ಲಗೆ ಹೇಳಿದ. ಹೆಸರು ಎಂದರು ಅವರು. ಇಟ್ಟಿಲ್ಲ ಎಂದ. ಪಾಪ, ಅವರು ಒಳ್ಳೆಯವರು, ಅಂಥ ಮಕ್ಕಳಿಗೆ ಇದೆಲ್ಲ ಬೇಕಿಲ್ಲ ಎಂದು ಅವನ ಕೈ ಮುಟ್ಟಿ ಹೇಳಿ ಮುಂದಿನ ಸಾಲಿನವರ ಕಡೆ ಹೋದರು.

ಪೆಗ್ ಡೆವ್ಲಿನ್‌ಳ ಮನೆ ಆಸ್ಟಿನ್ನಿನ ದಕ್ಷಿಣಕ್ಕೆ, ಸುತ್ತ ಹೊಸ ಕಟ್ಟಡಗಳು ಎದ್ದು ನಡುವೆ ಸಿಕ್ಕಿಹಾಕಿಕೊಂಡ ಒಂದಂತಸ್ತಿನ ಮನೆ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು, ಈಗಲೂ ತೋಳು ಗಟ್ಟಿಯಿತ್ತು. ಅವನನ್ನು ಸ್ವಾಮಿ ಎಂದೇ ಕರೆಯುತ್ತಿದ್ದಳು, ಅದು ಅವನ ಹೆಸರಿನ ಬಾಲವೆಂದು ಅವನು ತಿದ್ದಲು ಹೋಗಿರಲಿಲ್ಲ. ಐಸ್ ಹಾಕಿದ ಟೀ ತಂದಿಟ್ಟು, ಎದುರು ಕೂತು, ಕವರಿಗೆ ಕೈ ಚಾಚಿದಳು. ಕ್ಷಮೆ ಕೇಳಲು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. ಭೂತಗನ್ನಡಿ ಹಿಡಿದು ಪುಟದ ಮೇಲೆ ಬಗ್ಗಿದಳು. ಅವನು ಬೆರಳಿಟ್ಟು ತೋರಿಸಿದ: ಇಗೋ ಅಪ್ಪನ ಹೆಸರು, ಇದು ಅಮ್ಮನ ಹೆಸರು, ತವರುಮನೆತನ ಸಮೇತ. ಇದು ತಾರೀಖು, ಹುಟ್ಟಿದ ದಿನವೇ. ಇದು ಹೆಸರು. ಹೊನೋರಾ.

ಪೆಗ್ ಆ ಹೆಸರನ್ನು ಒಂದು ಸಲ ಹೇಳಿಕೊಂಡಳು. ಆಮೇಲೆ ಸಾಲಿನ ಕೊನೆಯಲ್ಲಿದ್ದ ಸಣ್ಣ ಅಕ್ಷರಗಳು ಏನೆಂದು ಕೇಳಿದಳು. ಅವುಗಳನ್ನು ಅವನು ಹಿಂದಿನ ರಾತ್ರಿ ಹತ್ತು ಸಲ ಓದಿದ್ದ. ಅವಳಿಗೆ ಓದಿ ಹೇಳುವುದು ಬೇಡವಾಗಿತ್ತು. ಪಾದ್ರಿಯ ಟಿಪ್ಪಣಿ ಎಂದ. ‘ಸಾವಿನ ಭಯವಿದ್ದುದರಿಂದ ಮನೆಯಲ್ಲೇ ದೀಕ್ಷಾಸ್ನಾನ ಆಗಿದೆ, ಸೂಲಗಿತ್ತಿಯ ಕೈಯಿಂದ.’

“ನೋಡು,” ಎಂದಳು ಪೆಗ್, ಭೂತಗನ್ನಡಿ ಕೆಳಗಿಟ್ಟು. “ಸಾಯುತ್ತೆ ಅಂತ ಗೊತ್ತಿದ್ದಕ್ಕೇ ಓಡಿ ಹೋಗಿ ಹೆಸರಿಟ್ಟಿದಾರೆ. ಬದುಕೋ ಮಗುವಾಗಿದ್ದರೆ ಭಾನುವಾರದ ತನಕ ಕಾಯ್ತಿದ್ದರು.”

ಅದು ನಂಜುಂಡಸ್ವಾಮಿಯನ್ನು ಚುಚ್ಚಲು ಆಡಿದ ಮಾತಾಗಿರಲಿಲ್ಲ. ಆದರೂ ಅವನು ಆ ಸಾಲಿನ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡ. ಹೆಸರಿಲ್ಲದೆ ನೀರು ಹಾಕುವ ಹಾಗಿಲ್ಲ, ಆ ಸೂಲಗಿತ್ತಿ ಅಷ್ಟು ರಕ್ತದ ನಡುವೆ ಏನು ಹೆಸರು ಎಂದು ತಾಯಿಯನ್ನು ಕೇಳಿರಬೇಕು, ಅವಳು ಹೇಳಿರಬೇಕು ಎಂದು ಪೆಗ್ ತನ್ನಷ್ಟಕ್ಕೆ ಹೇಳುತ್ತಲೇ ಇದ್ದಳು. ಸರ್ಕಾರದವನ ಹತ್ತಿರ ಯಾರೋ ಆಮೇಲೆ ಹೋಗಿ ಬರೆಸಿದ್ದಾರೆ, ಅವನಿಗೆ ಹೆಸರು ಹೇಳುವ ಮನಸ್ಸು ಬಂದಿರಲಿಕ್ಕಿಲ್ಲ ಎಂದಳು. ನಿನಗೆ ಮಕ್ಕಳೆಷ್ಟು ಎಂದು ಅವಳು ಕೇಳಿದ್ದು ಇದೇ ಉಸಿರಿನಲ್ಲಿ. ಇಲ್ಲ ಎಂದ. ಈ ‘ಇಲ್ಲ’ವನ್ನು ಅವನು ಬ್ಯಾಂಕಿನಲ್ಲಿ, ಆಫೀಸಿನಲ್ಲಿ, ಇರ್ವಿಂಗ್‌ನ ಕನ್ನಡದವರ ಊಟಗಳಲ್ಲಿ ಎಷ್ಟೋ ಸಲ ಹೇಳಿದ್ದ, ಅಭ್ಯಾಸದ ಮಾತು. ಇವತ್ತು ಅದು ಬಾಯಿಂದ ಬಂದ ಮೇಲೆ ಗ್ಲಾಸನ್ನು ಕುಡಿಯದೆ ಕೆಳಗಿಟ್ಟ. ಪೆಗ್ ನೋಡಿದಳೋ ಇಲ್ಲವೋ. ತನ್ನ ಪಟ್ಟಿ ತೆಗೆದು, ಎಂಟು ಹೆಸರುಗಳ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಒಂಬತ್ತನೆಯದನ್ನು ಬರೆದಳು.

ಅವಳ ಮನೆಯಿಂದ ಹೊರಟವನು ಉತ್ತರಕ್ಕೆ ತಿರುಗಬೇಕಿತ್ತು. ಪೂರ್ವದ ದಾರಿ ಹಿಡಿದ. ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ನಿಂತು ಕೋಕಿಲಾಗೆ, ಬರ್ತಾ ಇದೀನಿ, ಆರೂವರೆ ಆಗಬಹುದು ಎಂದು ಮೆಸೇಜು ಹಾಕಿದ. ಸರಿ ಎಂದು ಬಂತು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದಿರುವುದನ್ನು ಅವಳು ಯಾರಿಂದ ಕಲಿತಳೋ. ಹ್ಯೂಸ್ಟನ್ನಿಗೆ ಹೋಗುವ ಆ ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ, ಒಣಗಿದ ಹುಲ್ಲು, ದನ, ಚರ್ಚಿನ ಬೋರ್ಡುಗಳು. ಪೇರ್ಲ್ಯಾಂಡಿನ ಹೊರಗಿನ ಸ್ಮಶಾನದಲ್ಲಿ ಕೂಸುಗಳಿಗೆಂದೇ ಒಂದು ಮೂಲೆಯಿತ್ತು. ಹಸಿ ಕೂಸನ್ನು ಸುಡುವುದಿಲ್ಲವೆಂದು ಮಗಳನ್ನು ಅಲ್ಲಿ ಹೂಳಿದ್ದರು. ತಗಡಿನ ಪಟ್ಟಿಯ ಮೇಲೆ ಏನು ಬರೆಸಲಿ ಎಂದು ಅಲ್ಲಿಯವನು ಕೇಳಿದಾಗ ಕೋಕಿಲಾ ಕಾರಿನಲ್ಲಿ ಕೂತಿದ್ದಳು. ಹೋಗಿ ಅವಳನ್ನು ಕೇಳಿ ಬರಲು ಇಪ್ಪತ್ತು ಹೆಜ್ಜೆ. ನಿಮ್ಮ ಕಾಗದದಲ್ಲಿರುವುದನ್ನೇ ಹಾಕಿ ಎಂದುಬಿಟ್ಟ. ‘ಬೇಬಿ ನಂಜುಂಡಸ್ವಾಮಿ’ ಎಂದು ಹಾಕಿದರು. ಟೆಕ್ಸಸ್ಸಿನ ಮಣ್ಣಿನಲ್ಲಿ ತನ್ನದೇ ಹೆಸರು ನೆಟ್ಟಿರುವುದನ್ನು ನೋಡಲಾಗದೆ ಅವನು ಎರಡನೇ ಸಲ ಅಲ್ಲಿಗೆ ಹೋಗಲಿಲ್ಲ. ಕೋಕಿಲಾ ತಿಂಗಳಿಗೊಮ್ಮೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು.

ಇವತ್ತು ಕೇಳಿಬಿಡುತ್ತೇನೆ ಎಂದುಕೊಂಡ. ಕೇಳಿದರೆ ಅವಳು ಹೇಳದೆ ಇರಬಹುದು, ಹೇಳುವುದಿಲ್ಲ ಎನ್ನುವ ಹಕ್ಕು ಅವಳಿಗಿದೆ. ಆದರೆ ಹೇಳಿದರೆ? ಆ ಅಕ್ಷರಗಳು ಕಿವಿಗೆ ಬಿದ್ದ ಕೂಡಲೇ ಮಗಳು ಯಾರೋ ಆಗಿಬಿಡುತ್ತಾಳೆ, ಆವತ್ತು ಅವನು ಹೆದರಿದ್ದು ಇವತ್ತು ಆಗುತ್ತದೆ. ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಮೂರು ವರ್ಷ ಇನ್ನೊಬ್ಬರ ಕೂಸುಗಳ ಹೆಸರು ಓದಿದ್ದು ಸಾಕು. ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರಿನಿಂದ ಮನೆಗೆ ಹೊರಟವರ ಕಾರುಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಇನ್ನೂ ಬೆಳಕಿರುವಾಗಲೇ ಮನೆ ತಲುಪಿದ. ತನ್ನ ಹತ್ತಿರ ಬೀಗದ ಕೈ ಇದ್ದರೂ ಬೆಲ್ ಒತ್ತಿದ.

ಕೋಕಿಲಾ ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಸಾರಿಗೆ ಒಗ್ಗರಣೆ ಹಾಕಿದ ವಾಸನೆ. ಊಟ ಮಾಡಿ ಎಂದಳು, ಆಮೇಲೆ ಎಂದ. ಊಟದ ಮೇಜಿನ ಮೇಲೆ ಅವಳ ಔಷಧದ ಪುಸ್ತಕಗಳಿದ್ದವು, ಅವನ್ನು ಸರಿಸಿ ಅರ್ಜಿಯನ್ನು ಬಿಡಿಸಿಟ್ಟ. ಅವಳು ನಿಂತೇ ಓದಿದಳು. ಅವನ ಸಹಿಯ ಕೆಳಗಿದ್ದ ತಾರೀಖು ಒಂದು ವರ್ಷದ ಹಿಂದಿನದೆಂದು ಅವಳಿಗೆ ಕಂಡಿರಬೇಕು. ಕುರ್ಚಿ ಎಳೆದು ಕೂತಳು.

ಮೇಯೋ ಸೀಮೆಯ ಕೂಸಿನಿಂದ ಶುರು ಮಾಡೋಣ ಎಂದು ದಾರಿಯಲ್ಲಿ ಅಂದುಕೊಂಡಿದ್ದ. ಅದು ಬರಲಿಲ್ಲ.

“ಆವತ್ತು ಬೆಳಿಗ್ಗೆ ಡಾಕ್ಟರು ನನಗೆ ಹೇಳಿದ್ರು, ಕೋಕಿಲಾ. ಉಳಿಯಲ್ಲ ಅಂತ. ಅಮ್ಮನಿಗೆ ನಾನು ಫೋನೇ ಮಾಡಿರಲಿಲ್ಲ. ನಕ್ಷತ್ರ ಗಿಕ್ಷತ್ರ ಎಲ್ಲ ಸುಳ್ಳು. ಹೆಸರಿಡೋಕೆ ಭಯ ಆಯ್ತು.”

ಅವಳ ಮುಖದಲ್ಲಿ ಅವನು ನಿರೀಕ್ಷಿಸಿದ್ದು ಯಾವುದೂ ಮೂಡಲಿಲ್ಲ. “ಗೊತ್ತು,” ಎಂದಳು. “ಅತ್ತೆ ಆ ಫೋನಲ್ಲಿ ಮಾತಾಡಿದಾಗಲೇ ಗೊತ್ತಾಯ್ತು, ಅವರಿಗೆ ಹುಟ್ಟಿದ್ದೇ ಗೊತ್ತಿರಲಿಲ್ಲ. ಡಾಕ್ಟರು ನನಗೆ ಹಿಂದಿನ ಸಂಜೆನೇ ಹೇಳಿದ್ರು. ನೀವು ಕಾರಲ್ಲಿ ನಿದ್ದೆ ಮಾಡ್ತಿದ್ರಿ, ಎಬ್ಬಿಸೋದು ಬೇಡ ಅಂದ್ಕೊಂಡೆ. ಅದಕ್ಕೇ ಅಲ್ವಾ ಬರೆದುಬಿಡೋಣ ಅಂದಿದ್ದು.”

ಹಾಗಾದರೆ ಆ ವಾರ್ಡಿನಲ್ಲಿ, ನೀಲಿ ಕೋಟಿನವಳ ಎದುರು, ಇಬ್ಬರಿಗೂ ಗೊತ್ತಿತ್ತು. ಒಂದೇ ಸುದ್ದಿಯನ್ನು ಇಟ್ಟುಕೊಂಡು ಅವಳು ಹೆಸರಿಡಲು ಅವಸರಪಟ್ಟಿದ್ದಳು, ಅವನು ಮುಂದಕ್ಕೆ ಹಾಕಿದ್ದ. ಒಬ್ಬರಿಗೊಬ್ಬರು ಹೇಳದೆ ಆರು ದಿನ ಕೂಸನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆಯ ಎರಡು ಕಡೆ ಕೂತಿದ್ದರು. ಅವನಿಗೆ ಅವಳ ಕೈ ಹಿಡಿಯಬೇಕೆನ್ನಿಸಿತು, ಹಿಡಿಯಲು ಧೈರ್ಯ ಬರಲಿಲ್ಲ. ಪೆನ್ನನ್ನು ಅವಳ ಕಡೆ ತಳ್ಳಿದ.

“ಆ ಹೆಸರು ಹೇಳು. ಏನೇ ಇರಲಿ. ನೀನು ಅಂದ್ಕೊಂಡಿದ್ದನ್ನೇ ಬರೆಯೋಣ.”

ಕೋಕಿಲಾ ಪೆನ್ನು ಮುಟ್ಟಲಿಲ್ಲ. ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆದು ಅದರ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ಹೆಸರು ಇರಲಿಲ್ಲ ರೀ,” ಎಂದಳು. “ಅಂದ್ಕೊಂಡಿದೀನಿ ಅಂತ ಸುಮ್ಮನೆ ಅಂದೆ. ಒಂದು ಇದೆ ಅಂದ್ರೆ ಏನು ಅಂತ ಕೇಳ್ತೀರಲ್ಲ. ಕೇಳಿದ ತಕ್ಷಣ ಬಾಯಿಗೆ ಏನು ಬರುತ್ತೋ ಅದನ್ನೇ ಇಡೋಣ ಅಂತಿದ್ದೆ. ನೀವು ಕೇಳಲಿಲ್ಲ.”

ಅವನು ಅರ್ಜಿಯನ್ನು ನೋಡಿದ. ಮೂರು ವರ್ಷ ಅವನು ಅವಳೊಳಗೆ ಇದೆ ಎಂದು ನಂಬಿದ್ದದ್ದು, ಅವಳು ತನಗೆ ಶಿಕ್ಷೆಯಾಗಿ ಬಚ್ಚಿಟ್ಟಿದ್ದಾಳೆ ಎಂದು ಕೆಲವು ಸಲ ಸಿಟ್ಟೂ ಮಾಡಿಕೊಂಡದ್ದು, ಎಲ್ಲೂ ಇರಲಿಲ್ಲ. ಯಾವ ಪುಸ್ತಕ ತೆಗೆದರೂ ಸಿಗುವಂಥದ್ದಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಡಿಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು, ಇಬ್ಬರೂ ಏಳಲಿಲ್ಲ.

“ಈಗ ಕೇಳ್ತಿದೀನಿ,” ಎಂದ. ಧ್ವನಿ ಅವನಿಗೇ ಅಪರಿಚಿತವಾಗಿತ್ತು. “ಏನು ಹೆಸರು, ಕೋಕಿಲಾ?”

ಅವಳು ಬಾಯಿ ತೆರೆದಳು. ಹೇಳಲು ನಿಜವಾಗಿಯೂ ಪ್ರಯತ್ನಪಟ್ಟಳು, ಅದು ಅವನಿಗೆ ಕಂಡಿತು. ತುಟಿ ಒಂದು ಅಕ್ಷರದ ಆಕಾರಕ್ಕೆ ಬಂದು, ಅದನ್ನು ಬಿಟ್ಟು, ಇನ್ನೊಂದಕ್ಕೆ ಹೋಗಿ, ಅಲ್ಲೇ ನಿಂತಿತು. ಆಮೇಲೆ ಅವಳ ಕಣ್ಣು ತುಂಬಿತು.

“ಗೊತ್ತಿಲ್ಲ ರೀ,” ಎಂದಳು. “ಅವಳ ಮುಖ ನೋಡ್ಕೊಂಡು ಹೇಳಬೇಕಿತ್ತು.”